ಹೊಗೆಸೊಪ್ಪಿನ ನಂಜು, ಬೆಳಕಿನ ಚಿಮಟ

ಏಪ್ರಿಲ್ ತಿಂಗಳಲ್ಲಿ ನಮ್ಮ ಕೃಷ್ಣರಾಜನಗರದ ಹೊಸ ಅಗ್ರಹಾರದ ಕಡೆ ಯಾರದಾದರೂ ಹೊಗೆಸೊಪ್ಪಿನ ಸಸಿಮಡಿ ಹತ್ತಿರ ಹೋಗಿ ನೋಡಿ. ಕಾಫಿ ಆಯ್ತಾ, ಊಟ ಆಯ್ತಾ ಅನ್ನುವುದಕ್ಕೆ ಮೊದಲೇ ಒಂದು ಪ್ರಶ್ನೆ ಬರುತ್ತದೆ: "ಬಾಯಲ್ಲಿ ಕಡ್ಡಿಪುಡಿ ಇಲ್ಲ ತಾನೆ?" ಇದ್ದರೆ ಉಗಿಯಬೇಕು, ಸೋಪು ಹಾಕಿ ಕೈ ತೊಳೆಯಬೇಕು, ಆಮೇಲೆ ಸಸಿ ಮುಟ್ಟಬೇಕು. ಮಡಿವಂತಿಕೆಯ ಮಾತಲ್ಲ ಇದು. ಒಣಗಿದ ಸೊಪ್ಪಿನಲ್ಲಿ, ಬೀಡಿಯ ಪುಡಿಯಲ್ಲಿ, ಜಗಿಯುವ ಕಡ್ಡಿಪುಡಿಯಲ್ಲಿ ಒಂದು ನಂಜು ವರ್ಷಗಟ್ಟಲೆ ಜೀವ ಹಿಡಿದು ಕೂತಿರುತ್ತದೆ. ಬೆರಳಿಗೆ ಅಂಟುತ್ತದೆ, ಬೆರಳಿನಿಂದ ಸಸಿಗೆ ಹೋಗುತ್ತದೆ. ಹದಿನೈದು ದಿನ ಕಳೆದು ನೋಡಿದರೆ ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ತೇಪೆ. ಮೊಸಾಯಿಕ್! ಕಂಡವರು ಆ ಗಿಡವನ್ನು ಬೇರುಸಮೇತ ಕಿತ್ತು ದೂರ ಎಸೆಯುತ್ತಾರೆ, ಬೈಯುತ್ತಾ.

ಬೈಯುವವರಿಗೆ ನಾನು ಈಚೆಗೆ ಒಂದು ಸುದ್ದಿ ಹೇಳತೊಡಗಿದ್ದೇನೆ. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಸುದ್ದಿ ಇಷ್ಟು: ನೀವು ಕಿತ್ತು ಬಿಸಾಡಿದ ಆ ಗಿಡದ ನಂಜಾಣು ಇದೆಯಲ್ಲ, ಮನುಷ್ಯ ಬರಿಯ ಬೆಳಕಿನಿಂದ ಹಿಡಿದು ನಿಲ್ಲಿಸಿದ ಮೊಟ್ಟಮೊದಲ ವೈರಸ್ಸು ಅದೇ. 1987ರ ಮಾರ್ಚ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಆರ್ಥರ್ ಆಶ್ಕಿನ್ ಮತ್ತು ಜೋಸೆಫ್ ಜೀಡ್ಜಿಕ್ ಇದನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನೀರಿನೊಳಗೆ ಓಲಾಡುತ್ತಿದ್ದ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ಸನ್ನು ಒಂಟೊಂಟಿಯಾಗಿ ಹಿಡಿದರು. ಹಿಡಿದದ್ದು ಸುಮಾರು 120 ಮಿಲಿವ್ಯಾಟ್ ಲೇಸರ್ ಬೆಳಕು. ನಮ್ಮ ಮನೆಯ ಸಣ್ಣ ಬಲ್ಬು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟು ಕುಡಿಯುತ್ತದೆ!

ಹಿಡಿದ ವಸ್ತು ಎಷ್ಟು ದೊಡ್ಡದು ಅಂತ ಕೇಳಿ. ಉದ್ದ 300 ನ್ಯಾನೋಮೀಟರ್, ದಪ್ಪ 18 ನ್ಯಾನೋಮೀಟರ್. ತಲೆಕೂದಲಿನ ಅಗಲದಲ್ಲಿ ಈ ಕಡ್ಡಿಗಳನ್ನು ಪಕ್ಕಪಕ್ಕ ಜೋಡಿಸುತ್ತಾ ಹೋದರೆ ನಾಲ್ಕು ಸಾವಿರ ಹಿಡಿಸುತ್ತವೆ. ಹೌದು, ಆಕಾರ ಕಡ್ಡಿಯದೇ. ನಾವು ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಏರಿಸಲು ಎಲೆ ಪೋಣಿಸುವ ಕಡ್ಡಿಯ ಹಾಗೆ ನೆಟ್ಟಗೆ, ಆದರೆ ಒಳಗೆ ಕೊಳವೆ. 2,130 ಪ್ರೋಟೀನ್ ತುಣುಕುಗಳು ಸುತ್ತು ಮೆಟ್ಟಿಲಿನಂತೆ ಸುತ್ತಿಕೊಂಡಿವೆ, ನಡುವೆ ಒಂದೇ ಎಳೆ ಆರ್‌ಎನ್‌ಎ. ಡಿಎನ್‌ಎ ಕಥೆಯಲ್ಲಿ ಅನ್ಯಾಯಕ್ಕೊಳಗಾದ ರೊಸಾಲಿಂಡ್ ಫ್ರ್ಯಾಂಕ್ಲಿನ್ ಕೊನೆಯ ವರ್ಷಗಳಲ್ಲಿ ತಲೆ ಕೊಟ್ಟು ಕೂತದ್ದು ಈ ಕಡ್ಡಿಯ ಒಳರಚನೆಯನ್ನು ಬಿಡಿಸಲಿಕ್ಕೆ.

ಈ ನಂಜಿಗೆ ಜಗತ್ತಿನ ವಿಜ್ಞಾನದಲ್ಲಿ ಒಂದು ಹಿರಿತನವಿದೆ. ವೈರಸ್ ಎಂಬ ಜಾತಿ ಇದೆ ಎಂದು ಮನುಷ್ಯನಿಗೆ ತಿಳಿದದ್ದೇ ಇದರಿಂದ. 1892ರಲ್ಲಿ ರಷ್ಯಾದ ಇವನೋವ್‌ಸ್ಕಿ ರೋಗದ ಎಲೆಯ ರಸವನ್ನು ಬ್ಯಾಕ್ಟೀರಿಯಾ ಕೂಡ ನುಸುಳಲಾಗದ ಪಿಂಗಾಣಿ ಶೋಧಕದಲ್ಲಿ ಸೋಸಿದ. ಸೋಸಿದ ರಸವೂ ರೋಗ ತಂದಿತು. 1898ರಲ್ಲಿ ಡಚ್ಚರ ಬೈಜೆರಿಂಕ್ ಇದು ಬೇರೆಯೇ ಬಗೆಯ ಸೋಂಕು ಅಂದ. 1935ರಲ್ಲಿ ವೆಂಡೆಲ್ ಸ್ಟಾನ್ಲಿ ಇದನ್ನು ಹರಳುಗಟ್ಟಿಸಿಬಿಟ್ಟ, ಕಲ್ಲುಸಕ್ಕರೆ ಥರ! ಹರಳಾಗಿ ಸೀಸೆಯಲ್ಲಿ ಕೂರುತ್ತದೆ, ಎಲೆಗೆ ತಿಕ್ಕಿದರೆ ಮತ್ತೆ ರೋಗ ತರುತ್ತದೆ. ಜೀವವೋ ನಿರ್ಜೀವವೋ ಎಂಬ ಜಗಳ ಅಲ್ಲಿಂದ ಶುರುವಾಯಿತು. ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದಿಂದ ಕಟ್ಟೆಮಳಲವಾಡಿಯ ಹರಾಜು ಕಟ್ಟೆಯವರೆಗೆ ಈ ಸೊಪ್ಪಿನ ಸುತ್ತಲೇ ನಮ್ಮ ಸುತ್ತಲಿನ ತಾಲ್ಲೂಕುಗಳ ಎಷ್ಟೋ ಮನೆಗಳ ಬದುಕು ಸುತ್ತುತ್ತದೆ. ಆದರೂ ಈ ಹಿರಿತನ ನಮಗೆ ಯಾರೂ ಹೇಳಿರಲಿಲ್ಲ.

ಈಗ ಅಸಲು ಬೆರಗಿಗೆ ಬರೋಣ. ಬೆಳಕು ಹಿಡಿಯುವುದು ಅಂದರೇನು? ಬೆಳಕಿಗೆ ಕೈ ಇದೆಯೇ?

ಕೈ ಇಲ್ಲ, ಆದರೆ ತಳ್ಳುವ ಗುಣ ಇದೆ. ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಹಾಕಿರುವುದನ್ನು ಕಂಡ ಕೆಪ್ಲರ್ ನಾನೂರು ವರ್ಷದ ಹಿಂದೆಯೇ ಇದನ್ನು ಊಹಿಸಿದ್ದ. 1901ರಲ್ಲಿ ಮಾಸ್ಕೋದ ಲೆಬೆಡೆವ್ ಅಳೆದೇ ತೋರಿಸಿದ. ಎಷ್ಟು ತಳ್ಳುತ್ತದೆ ಎಂದು ನಾನೂ ಪೆನ್ನು ಹಿಡಿದು ಲೆಕ್ಕ ಹಾಕಿದೆ. ನಡುಮಧ್ಯಾಹ್ನದ ಸುಡುಬಿಸಿಲು ಒಂದು ಎಕರೆ ಹೊಗೆಸೊಪ್ಪಿನ ಮೇಲೆ ಬೀಳುತ್ತಿದೆ, ಬಿದ್ದದ್ದನ್ನೆಲ್ಲ ಎಲೆಗಳು ಹೀರಿಕೊಳ್ಳುತ್ತಿವೆ ಅಂತಿಟ್ಟುಕೊಳ್ಳಿ. ಇಡೀ ಎಕರೆಯ ಮೇಲೆ ಬಿಸಿಲು ಹೇರುವ ಭಾರ ಸುಮಾರು ಒಂದೂವರೆ ಗ್ರಾಂ! ಎರಡು ಮೂರು ಚಿಟಿಕೆ ಉಪ್ಪು. ಬೆನ್ನು ಬಗ್ಗಿಸಿ ಸೊಪ್ಪು ಮುರಿಯುವವರಿಗೆ ಬಿಸಿಲು ಭಾರ ಅನ್ನಿಸುವುದು ಬೇರೆ ಮಾತು.

ಈ ಚಿಟಿಕೆ ಬಲವನ್ನು ಎಕರೆಗೆ ಹರಡದೆ ಕೂದಲಿಗಿಂತ ಸಣ್ಣ ಚುಕ್ಕೆಗೆ ಹರಿತ ಮಾಡಿದರೆ? ಆಶ್ಕಿನ್ ತಲೆಯಲ್ಲಿ ಹೊಳೆದದ್ದು ಇಷ್ಟೇ. ಲೇಸರ್ ಹುಟ್ಟಿ ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ಒಂದು ವ್ಯಾಟ್ ಲೇಸರನ್ನು ಮೈಕ್ರೋಮೀಟರ್ ಗಾತ್ರದ ಮಣಿಯ ಮೇಲೆ ಹಾಯಿಸಿದರೆ ಗುರುತ್ವಕ್ಕಿಂತ ಲಕ್ಷ ಪಟ್ಟು ಹೆಚ್ಚು ವೇಗೋತ್ಕರ್ಷ ಬರುತ್ತದೆ ಎಂದು ಅವರ ಲೆಕ್ಕ ಹೇಳಿತು. ನಮಗೆ ಏನೇನೂ ಅಲ್ಲದ್ದು ಮಣಿಗೆ ಬಿರುಗಾಳಿ. ಅವರು ನೀರಿನಲ್ಲಿ ಲೇಟೆಕ್ಸ್ ಮಣಿಗಳನ್ನು ಬಿಟ್ಟು ಹಸಿರು ಲೇಸರ್ ಹಾಯಿಸಿದರು. ಮಣಿಗಳು ಬೆಳಕು ಹೋದ ದಿಕ್ಕಿಗೆ ಓಡಿದವು. ಅದು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದದ್ದು ಇನ್ನೊಂದು: ಬದಿಯಲ್ಲಿ ಅಲೆಯುತ್ತಿದ್ದ ಮಣಿಗಳೂ ಬೆಳಕಿನ ನಡುವಿಗೆ ತಾವಾಗಿ ಸರಿದು ಬಂದವು, ಹರಿವ ನಾಲೆಯ ನಡುವಿಗೆ ಎಲೆ ಸೇರಿಕೊಳ್ಳುವ ಹಾಗೆ. ತಳ್ಳಬೇಕಾದ ಬೆಳಕು ಎಳೆಯುತ್ತಿದೆ! 1970ರ ಈ ಸಣ್ಣ ಆಶ್ಚರ್ಯದಿಂದಲೇ ಮುಂದಿನದೆಲ್ಲ ಬಂತು.

ಎಳೆತ ಯಾಕೆ? ಬಾವಿಯಲ್ಲಿ ಈಜಿದವರಿಗೆ ಇದು ಸುಲಭ. ಗೋಡೆಗೆ ಕಾಲೊದ್ದರೆ ಗೋಡೆ ಅಲ್ಲೇ ಇರುತ್ತದೆ, ನಾವು ಎದುರು ದಿಕ್ಕಿಗೆ ಚಿಮ್ಮುತ್ತೇವೆ. ಪಾರದರ್ಶಕ ಮಣಿ ಒಂದು ಪುಟ್ಟ ಮಸೂರ; ಅದರೊಳಗೆ ಹೊಕ್ಕ ಬೆಳಕಿನ ಎಳೆ ಬಾಗಿ ಹೊರಗೆ ಬರುತ್ತದೆ. ಬೆಳಕನ್ನು ಎಡಕ್ಕೆ ಬಾಗಿಸಿದ ಮಣಿಗೆ ಬಲಕ್ಕೊಂದು ಒದೆತ. ಲೇಸರಿನ ನಡುಭಾಗದಲ್ಲಿ ಬೆಳಕು ದಟ್ಟ, ಅಂಚಿನಲ್ಲಿ ತೆಳು. ದಟ್ಟ ಎಳೆಗಳ ಒದೆತ ಗೆಲ್ಲುತ್ತದೆ, ಮಣಿ ಬೆಳಕು ಹೆಚ್ಚಿರುವ ಕಡೆಗೆ ಜಾರುತ್ತದೆ. ಇನ್ನು ಉಳಿದದ್ದು ಮುಂದಕ್ಕೆ ತಳ್ಳಿಕೊಂಡು ಹೋಗುವ ಕಾಟ. ಬಲವಾದ ಮಸೂರದಿಂದ ಬೆಳಕನ್ನು ಓರೆಓರೆಯಾಗಿ ಒಂದೇ ಚುಕ್ಕೆಗೆ ಸೇರಿಸಿದರೆ, ಮುಂದೆ ಹೋದ ಮಣಿಯನ್ನೂ ಆ ಚುಕ್ಕೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಂದೇ ಕಿರಣ, ಸುತ್ತೂಕಡೆಯಿಂದ ಹಿಡಿತ. ಈ ಹಂತಕ್ಕೆ ಬರಲು ಆಶ್ಕಿನ್‌ಗೆ ಹದಿನಾರು ವರ್ಷ ಹಿಡಿಯಿತು: 1986. ಅಕ್ಕಸಾಲಿಗರ ಕೈಯ ಚಿಮಟ ಗೊತ್ತಲ್ಲ, ಮೂಗುಬೊಟ್ಟಿನ ಹರಳು ಎತ್ತಿಡುವುದು? ಇದು ಬೆಳಕಿನ ಚಿಮಟ. ಹಿಡಿ, ಜರುಗಿಸು, ಬಿಡು. ಲೇಸರನ್ನು ಸ್ವಲ್ಪ ಓಲಿಸಿದರೆ ಮಣಿಯೂ ಹಿಂದೆಯೇ ಬರುತ್ತದೆ, ಹಗ್ಗ ಹಿಡಿದವನ ಹಿಂದೆ ಕರು ಬರುವ ಹಾಗೆ.

ಮರುವರ್ಷವೇ ಆಶ್ಕಿನ್ ನಮ್ಮ ಮೊಸಾಯಿಕ್ ನಂಜಿಗೆ ಕೈ ಹಾಕಿದರು. ಯಾಕೆ ಅದೇ? ಎಲ್ಲ ಕಡ್ಡಿಗಳೂ ಒಂದೇ ಅಳತೆಯವು, ಮನುಷ್ಯರಿಗೆ ಅಂಟುವುದಿಲ್ಲ, ಅರ್ಧ ಶತಮಾನದಿಂದ ಅಳೆದು ತೂಗಿದ ಪರಿಚಿತ ನಂಜು. ನನಗೆ ತುಂಬ ಹಿಡಿಸಿದ ವಿಚಾರ ಒಂದಿದೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಈ ಕಡ್ಡಿಯ ಆಕಾರ ಕಾಣುವುದೇ ಇಲ್ಲ. ಬೆಳಕಿನ ಅಲೆಯೇ ಅದಕ್ಕಿಂತ ದೊಡ್ಡದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 1939ರಲ್ಲೇ ಕಂಡಿತ್ತು, ಆದರೆ ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ, ಒಣಗಿದ ಹೆಣವಾಗಿ. ಇಲ್ಲಿ ಹಾಗಲ್ಲ. ನೀರಿನಲ್ಲಿ, ಅದರ ಪಾಡಿಗೆ ಅದು ಇರುವಾಗ, ಹಿಡಿದ ಬೆಳಕೇ ಅದರ ಮೈಗೆ ತಾಗಿ ಚಿಮ್ಮಿ ಒಂದು ಮಿನುಗು ಕೊಡುತ್ತದೆ. ಬ್ಯಾರನ್ನಿನ ಕಿಂಡಿಯಿಂದ ಬಿಸಿಲುಕೋಲು ಇಳಿದಾಗ ಧೂಳಿನ ಕಣ ಫಳಫಳ ಅನ್ನುವುದಿಲ್ಲವೇ? ಅಲ್ಲಿ ಕಾಣುವುದು ಧೂಳಲ್ಲ, ಧೂಳಿನಿಂದ ಚಿಮ್ಮಿದ ಬಿಸಿಲು. ಹಾಗೆಯೇ. ಹಿಡಿಯುವುದೂ ಅದೇ ಬೆಳಕು, ತೋರಿಸುವುದೂ ಅದೇ ಬೆಳಕು!

ಆಮೇಲೆ ಒಂದು ಎಡವಟ್ಟು. ವೈರಸ್ಸಿನ ನೀರನ್ನು ಹಾಗೇ ಇಟ್ಟುಬಿಟ್ಟಿದ್ದರು. ಮತ್ತೆ ಲೇಸರ್ ಹಾಯಿಸಿದರೆ ಚಿಮಟಕ್ಕೆ ಏನೋ ದೊಡ್ಡದು ಸಿಕ್ಕಿಬಿದ್ದು ಒದ್ದಾಡುತ್ತಿದೆ. ವೈರಸ್ ಈಜುವುದಿಲ್ಲ. ಇದು ಈಜುತ್ತಿದೆ! ನೀರು ಕೆಟ್ಟು ಬ್ಯಾಕ್ಟೀರಿಯಾ ಹುಟ್ಟಿಕೊಂಡಿದ್ದವು. ಬೇರೆಯವರಾದರೆ ಚೆಲ್ಲಿ ಸೀಸೆ ತೊಳೆದಿಡುತ್ತಿದ್ದರು. ಇವರು ಕೂತು ನೋಡಿದರು. ಆದರೆ ಹಸಿರು ಬೆಳಕು ಹೆಚ್ಚಾದರೆ ಹಿಡಿತದಲ್ಲೇ ಜೀವಿ ಸತ್ತುಹೋಗುತ್ತಿತ್ತು. ಹಸಿರು ಬಿಟ್ಟು ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಹಚ್ಚಿದರು. ಜೀವಿಗಳ ಮೈ ಆ ಬೆಳಕನ್ನು ಅಷ್ಟಾಗಿ ಹೀರುವುದಿಲ್ಲ. ಈಗ ಬ್ಯಾಕ್ಟೀರಿಯಾ ಸಾಯುವುದಿರಲಿ, ಬೆಳಕಿನ ಮುಷ್ಟಿಯೊಳಗೇ ಒಂದು ಎರಡಾಗಿ ಮರಿ ಹಾಕಿದವು. 1987ರ ಡಿಸೆಂಬರಿನ ಹೊತ್ತಿಗೆ ಯೀಸ್ಟ್, ರಕ್ತಕಣ, ಪಾಚಿ ಎಲ್ಲವನ್ನೂ ಹಿಡಿದು ಆಡಿಸಿದ ವರದಿ 'ನೇಚರ್' ಪತ್ರಿಕೆಯಲ್ಲಿತ್ತು.

ಈ ಚಿಮಟಕ್ಕೆ ಇನ್ನೊಂದು ಗುಣವಿದೆ, ಅದು ಸ್ಪ್ರಿಂಗ್ ತಕ್ಕಡಿಯೂ ಹೌದು. ಮಣಿ ನಡುವಿನಿಂದ ಎಷ್ಟು ಜಗ್ಗಿತು ಎಂದು ನೋಡಿದರೆ ಜಗ್ಗಿದ ಬಲ ಎಷ್ಟೆಂದು ಗೊತ್ತಾಗುತ್ತದೆ. 1993ರಲ್ಲಿ ಸ್ಟೀವನ್ ಬ್ಲಾಕ್ ತಂಡ ಹೀಗೆಯೇ ಕೈನೆಸಿನ್ ಎಂಬ ಒಂದೇ ಒಂದು ಪ್ರೋಟೀನು ಜೀವಕೋಶದೊಳಗಿನ ಹಳಿಯಂಥ ಎಳೆಯ ಮೇಲೆ ಹೆಜ್ಜೆ ಹಾಕುವುದನ್ನು ಅಳೆಯಿತು. ಒಂದು ಹೆಜ್ಜೆಗೆ 8 ನ್ಯಾನೋಮೀಟರ್. ನಮ್ಮ ಮೈಯ ಕೋಶಗಳಲ್ಲೂ ಈ ಕೂಲಿಗಳು ಮೂಟೆ ಹೊತ್ತು ನಡೆಯುತ್ತಿದ್ದಾರೆ, ನೀವು ಇದನ್ನು ಓದುತ್ತಿರುವಾಗಲೂ.

ಇದೆಲ್ಲ ಅಮೆರಿಕದ ಮಾತಾಯಿತು ಅನ್ನಬೇಡಿ. ಮಣಿಪಾಲಕ್ಕೆ ಬನ್ನಿ. 2010ರಲ್ಲಿ ಅಲ್ಲಿನ ಆಸೀಫ್‌ಅಲಿ ಬಂಕಾಪುರ, ಸಂತೋಷ್ ಚಿದಂಗಿಲ್ ಮತ್ತು ಜೊತೆಗಾರರು ಮುಂಬೈನ ದೀಪಕ್ ಮಾಥುರ್ ಅವರೊಡನೆ ಸೇರಿ ಮಾಡಿದ ಕೆಲಸ ಓದಿದಾಗ ನನ್ನ ಮೈ ಜುಂ ಅಂದಿತು. ಜೀವಂತ ಕೆಂಪು ರಕ್ತಕಣ ಒಂದನ್ನು, ಒಂದೇ ಒಂದನ್ನು, 1064 ನ್ಯಾನೋಮೀಟರಿನ ಲೇಸರಿನಲ್ಲಿ ಹಿಡಿದು ನಿಲ್ಲಿಸುವುದು. 785 ನ್ಯಾನೋಮೀಟರಿನ ಇನ್ನೊಂದು ಲೇಸರ್ ಹಾಯಿಸಿ ಅದರ ರಾಮನ್ ರೋಹಿತ ಓದುವುದು. ಒಂದು ಕೈ ಹಿಡಿಯಿತು, ಇನ್ನೊಂದು ಕೈ ನಾಡಿ ನೋಡಿತು. ರಾಮನ್ ಪರಿಣಾಮ ಅಂದರೆ ಗೊತ್ತಲ್ಲ, ವಸ್ತುವಿಗೆ ತಾಗಿ ಚಿಮ್ಮುವ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಕಣ ಬಣ್ಣ ಬದಲಿಸಿ ಬರುತ್ತದೆ. ಆ ಬದಲಾದ ಬಣ್ಣದಲ್ಲಿ ವಸ್ತುವಿನ ಅಣುಗಳ ರುಜು ಇರುತ್ತದೆ. ಆ ಕೋಟಿಗೊಂದನ್ನು ಹೆಕ್ಕಲು ರಕ್ತಕಣ ಅಲುಗಾಡದೆ ನಿಂತಿರಬೇಕು. ಗಾಜಿಗೆ ಅಂಟಿಸಿದರೆ ಅದಕ್ಕೆ ನೋವು, ತೇಲಲು ಬಿಟ್ಟರೆ ಕೈಗೆ ಸಿಗದು. ಬೆಳಕೇ ಹಿಡಿದುಕೊಂಡರೆ?

ಇಲ್ಲಿ ಒಂದು ಊರಭಿಮಾನದ ಮಾತು ಹೇಳದೆ ಇರಲಾರೆ. ರಾಮನ್ ಕಲ್ಕತ್ತೆಯಲ್ಲಿ ಕಂಡದ್ದನ್ನು ವಿಜ್ಞಾನಿಗಳ ಸಭೆಯ ಮುಂದೆ ವಿವರಿಸಿದ್ದು 1928ರ ಮಾರ್ಚ್ 16ರಂದು, ಬೆಂಗಳೂರಿನಲ್ಲಿ. ಮುಂದೆ 1934ರಲ್ಲಿ ಅವರಿಗೆ ಬೆಂಗಳೂರಿನಲ್ಲಿ ಜಾಗ ಕೊಟ್ಟದ್ದು ಮೈಸೂರು ಸರ್ಕಾರ, ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ನಮ್ಮ ಕೃಷ್ಣರಾಜನಗರದ ಹೆಸರಿನಲ್ಲಿ ಇರುವವರೂ ಅವರೇ.

ರಕ್ತಕಣದ ಮಾತು ಬಂದಾಗ ನನ್ನ ಯೋಚನೆ ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನ ಹಾಡಿಗಳ ಕಡೆ ಓಡುತ್ತದೆ. ಜೇನುಕುರುಬ, ಬೆಟ್ಟಕುರುಬ ಕುಟುಂಬಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ತಲೆಮಾರಿನಿಂದ ಇದೆ. ತಟ್ಟೆಯಂತಿರಬೇಕಾದ ಕೆಂಪುಕಣ ಆಮ್ಲಜನಕ ಬಿಟ್ಟುಕೊಟ್ಟೊಡನೆ ಬಿಗಿದುಕೊಂಡು ಕುಡುಗೋಲಾಗುತ್ತದೆ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಮೂಳೆ ಮೂಳೆಯಲ್ಲಿ ನೋವು. ಈ ನೋವಿನ ಮೂಲ ಕಣದ ಬಿಗಿತನ. ಅದನ್ನು ಬೆಳಕಿನ ಚಿಮಟ ಕಣ ಕಣವಾಗಿ ಅಳೆಯಬಲ್ಲದು! ಬ್ರೆಜಿಲಿನ ಸಂಶೋಧಕರು 2003ರಲ್ಲೇ ಅಳೆದು, ಹೈಡ್ರಾಕ್ಸಿಯೂರಿಯಾ ಮಾತ್ರೆ ತೆಗೆದುಕೊಳ್ಳುತ್ತಿದ್ದವರ ಕಣಗಳು ಅಷ್ಟು ಬಿಗಿಯಾಗಿಲ್ಲ ಎಂದು ತೋರಿಸಿದರು. ಮಾಥುರ್ ಅವರ ಮುಂಬೈ ತಂಡ 2004ರಲ್ಲಿ ಇನ್ನೂ ವಿಚಿತ್ರವಾದದ್ದನ್ನು ಕಂಡಿತ್ತು. ಲೇಸರ್ ಹಿಡಿತಕ್ಕೆ ಬಿದ್ದ ರಕ್ತಕಣ ತಟ್ಟೆ ಮಡಚಿದಂತೆ ಮಡಚಿ ಕಡ್ಡಿಯಾಗುತ್ತದೆ. ಆರೋಗ್ಯದ ಕಣ ಹಾಗೇ ಸುಮ್ಮನೆ ನಿಲ್ಲುತ್ತದೆ. ಮಲೇರಿಯಾ ತಗುಲಿದ ಕಣ ಬುಗುರಿಯಂತೆ ತಿರುಗತೊಡಗುತ್ತದೆ! ನಾಡಿ ಹಿಡಿದು ರೋಗ ಹೇಳುವ ಪಂಡಿತರ ಕಥೆ ಕೇಳಿದ್ದೆವು. ಇಲ್ಲಿ ಕಣವೇ ಕುಣಿದು ಹೇಳುತ್ತಿದೆ.

ಬೆಂಗಳೂರಿನವರದು ಇನ್ನೊಂದು ಹುಚ್ಚು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ತಂಡವೊಂದು 2016ರಲ್ಲಿ ಎಂಜಿನ್ ಕಟ್ಟಿತು. ಕಬ್ಬಿನ ಗಾಣದ ಎಂಜಿನ್ ಅಲ್ಲ. ಅದರ ಪಿಸ್ಟನ್ ಒಂದು ಮೈಕ್ರೋ ಗಾತ್ರದ ಪ್ಲಾಸ್ಟಿಕ್ ಮಣಿ, ಸಿಲಿಂಡರು ಲೇಸರಿನ ಹಿಡಿತ. ಹಿಡಿತ ಬಿಗಿ ಮಾಡಿದರೆ ಅಮುಕಿದಂತೆ, ಸಡಿಲಿಸಿದರೆ ಹಿಗ್ಗಿದಂತೆ. ಮತ್ತೆ ಬೆಂಕಿ? ಬೆಂಕಿಯ ಕೆಲಸ ಬ್ಯಾಕ್ಟೀರಿಯಾಗಳದು! ಮಣಿಯ ಸುತ್ತ ಅವುಗಳ ಹಿಂಡು. ನೀರು ಬೆಚ್ಚಗಾದರೆ ಹುರುಪಿನಿಂದ ಈಜಾಡಿ ಮಣಿಗೆ ಡಿಕ್ಕಿ ಹೊಡೆಯುತ್ತವೆ, ತಣ್ಣಗಾದರೆ ಮಂಕಾಗುತ್ತವೆ. ಸುದೀಶ್ ಕೃಷ್ಣಮೂರ್ತಿ, ಸುಭೋ ಘೋಷ್, ದೀಪಂಕರ್ ಚಟರ್ಜಿ, ರಾಜೇಶ್ ಗಣಪತಿ, ಅಜಯ್ ಸೂದ್ ಈ ಐವರು ಅಳೆದು ನೋಡಿದಾಗ, ಬ್ಯಾಕ್ಟೀರಿಯಾ ತುಂಬ ಚುರುಕಾಗಿದ್ದಾಗ ಎಂಜಿನ್ನಿನ ದಕ್ಷತೆ ಸಾಮಾನ್ಯ ಸ್ಟರ್ಲಿಂಗ್ ಎಂಜಿನ್ನಿಗೆ ಪಠ್ಯಪುಸ್ತಕ ಹಾಕಿದ ಗೆರೆಯನ್ನೇ ದಾಟಿತ್ತು. ನಿಯಮ ಮುರಿದದ್ದಲ್ಲ, ಆ ಗೆರೆ ಎಳೆದದ್ದು ಸತ್ತ, ಶಾಂತ ನೀರಿಗೆ. ಈಜಾಡುವ ಜೀವಿಗಳು ತುಂಬಿದ ನೀರಿನ ಲೆಕ್ಕವೇ ಬೇರೆ. ನಾನು ಇದನ್ನು ಮೂರು ಸಲ ಓದಿದೆ. ಮೂರನೆಯ ಸಲವೂ ಪೂರ್ತಿ ತಲೆಗೆ ಹೋಗಲಿಲ್ಲ. ಆದರೂ ಬಿಡಲು ಮನಸ್ಸಾಗಲಿಲ್ಲ.

ಅದೇ ಭಾರತೀಯ ವಿಜ್ಞಾನ ಸಂಸ್ಥೆಯ ಸೌವಿಕ್ ಘೋಷ್, ಅಂಬರೀಷ್ ಘೋಷ್ 2018ರಲ್ಲಿ ಚಿಮಟಕ್ಕೇ ಈಜು ಕಲಿಸಿದರು. ಬೆಳ್ಳಿಯ ಕಣ ಹೊತ್ತ ಸ್ಕ್ರೂ ಆಕಾರದ ಪುಟ್ಟ ಈಜುಗಾರ. ಆಯಸ್ಕಾಂತ ಕ್ಷೇತ್ರ ತಿರುಗಿಸಿದರೆ ನೀರಿನಲ್ಲಿ ಕೊರೆದುಕೊಂಡು ಹೋಗುತ್ತದೆ. ಬೆಳಕು ಬಿಟ್ಟರೆ ಬೆಳ್ಳಿಯ ಸುತ್ತ ಬೆಳಕು ದಟ್ಟೈಸಿ ಹತ್ತಿರದ ಕಣವನ್ನು ಹಿಡಿಯುತ್ತದೆ. ಬೆಳಕು ಆರಿಸಿದರೆ ಹೇಳಿದ ಜಾಗದಲ್ಲಿ ಇಳಿಸುತ್ತದೆ. ಸೊಪ್ಪಿನ ಬೇಲು ಹೊತ್ತು ಹರಾಜು ಕಟ್ಟೆಗೆ ಹೋಗಿ ಇಳಿಸುವ ಟೆಂಪೊದ ಕೆಲಸವೇ.

ಆಶ್ಕಿನ್‌ಗೆ ನೊಬೆಲ್ ಬಂದದ್ದು 2018ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ. ಸಂದರ್ಶನಕ್ಕೆ ಹೊತ್ತಿಲ್ಲ, ಹೊಸ ಪ್ರಬಂಧದ ಕೆಲಸದಲ್ಲಿದ್ದೇನೆ ಎಂದು ನೊಬೆಲ್ ಸಮಿತಿಗೇ ಹೇಳಿದರಂತೆ. ಆ ಕೆಲಸವೂ ಬಿಸಿಲಿನದ್ದೇ, ಸೌರಶಕ್ತಿಯದು. ಎರಡು ವರ್ಷದ ನಂತರ ತೀರಿಕೊಂಡರು.

ಇಷ್ಟೆಲ್ಲ ಓದಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಚುಂಚನಕಟ್ಟೆ ಜಾತ್ರೆಯಲ್ಲಿ ಅಕ್ಕನ ಮಗ ಕೊಂಡಿದ್ದ ಲೇಸರ್ ಪಾಯಿಂಟರ್ ಇತ್ತು. ಕೆರೆಯ ಪಾಚಿ ನೀರು ಒಂದು ಲೋಟ, ಸೂಜಿ ತೆಗೆದ ಸಿರಿಂಜು ಒಂದು. ಖಾಲಿ ಬ್ಯಾರನ್ನಿನ ಕತ್ತಲೆಗೆ ಹೋದೆವು. ಸಿರಿಂಜಿನ ತುದಿಯಲ್ಲಿ ಒಂದು ಹನಿ ಜೋತಾಡಬೇಕು, ಬೀಳಬಾರದು. ಮೊದಲ ಮೂರು ಹನಿ ನನ್ನ ಚಪ್ಪಲಿ ಮೇಲೆ ಬಿದ್ದವು. ನಾಲ್ಕನೆಯದು ನಿಂತಿತು. ಪಾಯಿಂಟರನ್ನು ಇಟ್ಟಿಗೆ ಮೇಲೆ ಇಟ್ಟು, ಯಾರ ಕಣ್ಣಿಗೂ ಬೀಳದ ಹಾಗೆ ಗೋಡೆ ಕಡೆ ತಿರುಗಿಸಿ, ಕಿರಣವನ್ನು ಹನಿಯ ನಡುವೆ ಹಾಯಿಸಿದೆ.

ಹೊಗೆ ಹಿಡಿದ ಗೋಡೆಯ ಮೇಲೆ ಮೊರದಗಲ ಕೆಂಪು ವೃತ್ತ. ಹನಿಯೇ ಮಸೂರ. ಒಳಗೆ ಉಂಗುರ ಉಂಗುರವಾದ ನೆರಳುಗಳು ತೇಲುತ್ತಿದ್ದವು. ಒಂದು ಮಾತ್ರ ತೇಲುತ್ತಿರಲಿಲ್ಲ. ನೆಟ್ಟಗೆ ಹೋಗಿ, ಗಕ್ಕನೆ ನಿಂತು, ತಿರುಗಿ, ಬಂದ ದಾರಿಯಲ್ಲೇ ಓಡಿತು.

"ಓಡ್ತಾ ಅದೆ ಮಾವ! ಜೀವ ಅದೆ ಅದ್ಕೆ!"

ಗೋಡೆಗೆ ಹೋಗಿ ಅಂಗೈಯಿಂದ ನೆರಳನ್ನು ಮುಚ್ಚಿದ. ಅದು ಅವನ ಬೆರಳಿನ ಮೇಲೆ ಹರಿದು ಆಚೆ ಹೋಯಿತು.

"ಇದ್ರಲ್ಲೇ ಹಿಡ್ಕೊಳ್ಳಕ್ಕಾಯ್ತದಾ?"

"ಆಗಲ್ಲ ಕಣೋ. ಅದಕ್ಕೆ ಒಳ್ಳೆ ಮಸೂರ ಬೇಕು, ಇದಕ್ಕಿಂತ ಜೋರಾದ ಲೇಸರು ಬೇಕು. ಮಣಿಪಾಲದಲ್ಲದೆ, ಬೆಂಗ್ಳೂರಲ್ಲದೆ."

ಅವನು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಹನಿ ಬಿತ್ತು, ವೃತ್ತ ಮಾಯವಾಯಿತು. ಲೋಟ ಎತ್ತಿಕೊಂಡು ಸಿರಿಂಜಿಗೆ ಇನ್ನೊಂದು ಹನಿ ತುಂಬತೊಡಗಿದ.